ಮನೆಯ ಮಾಳಿಗೆಯಿಂದ ಗೆಲಾಕ್ಸಿಗಳ ಛಾಯಾಗ್ರಹಣ

ನವೆಂಬರ್ ತಿಂಗಳಿನ ನಡುವೆ, ಚಂದ್ರನಿಲ್ಲದ ಒಂದು ರಾತ್ರಿ, ಒಂಬತ್ತು ಗಂಟೆಯ ಸುಮಾರಿಗೆ ಊರ ದೀಪಗಳಿಂದ ದೂರವಾದ ಬಯಲಿನಲ್ಲಿ ಉತ್ತರಕ್ಕೆ ಮುಖಮಾಡಿ ನಿಂತು ತಲೆಯೆತ್ತಿ ನೋಡಿದರೆ, ದೇವಯಾನಿ ಎಂಬ ನಕ್ಷತ್ರಪುಂಜದಲ್ಲಿ ಹಿಂಜಿದ ಹತ್ತಿಯ ಎಳೆಯಂತೆ ಮಸುಕಾದ ಬೆಳಕಿನ ಚುಕ್ಕೆಯೊಂದು ಕಾಣುವುದು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಈ ಚುಕ್ಕೆಯ ಕ್ರಾಂತಿ 41 ಡಿಗ್ರಿ. ಆದುದರಿಂದ ಅದು ನಮ್ಮ ನೆತ್ತಿಯಿಂದ 28 ಡಿಗ್ರಿಗಳಷ್ಟು ಉತ್ತರಕ್ಕೆ, ಅಂದರೆ ದಿಗಂತದಿಂದ 62 ಡಿಗ್ರಿ ಎತ್ತರದಲ್ಲಿ ಮಧ್ಯಾಹ್ನರೇಖೆಯನ್ನು ದಾಟುವುದು. ಇದೇ ದೇವಯಾನೀ ಗೆಲಾಕ್ಸಿ. ಇದರ ಬೆಳಕು ನಮ್ಮನ್ನು ತಲಪಲು ಸುಮಾರು 25 ಲಕ್ಷ ವರ್ಷಗಳು ಬೇಕು.

ಇಷ್ಟು ದೂರದಿಂದ ಬಂದ ಅತಿಥಿಯನ್ನು ಚೆನ್ನಾಗಿ ನೋಡೋಣವೆಂದು ದೂರದರ್ಶಕದಲ್ಲಿ ಕಣ್ಣಿಟ್ಟವರಿಗೆ ಮೊದಲು ನಿರಾಶೆಯೇ ಆಗುವುದು. ಪುಸ್ತಕಗಳ ಚಿತ್ರಗಳಲ್ಲಿರುವ ಸುರುಳಿತೋಳುಗಳಾಗಲಿ, ನೀಲಿ ಕೆಂಪು ಬಣ್ಣಗಳಾಗಲಿ ಅಲ್ಲಿ ಕಾಣುವುದಿಲ್ಲ. ಮಂಜಿನ ಮುದ್ದೆಯೊಂದು ಸ್ವಲ್ಪ ದೊಡ್ಡದಾಗಿ ಕಾಣುವುದು, ಅಷ್ಟೆ. ಇದಕ್ಕೆ ಕಾರಣ ದೂರದರ್ಶಕದ ದೋಷವಲ್ಲ, ಕಣ್ಣಿನ ಸ್ವಭಾವ. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಬಿದ್ದ ಬೆಳಕನ್ನು ಮಿದುಳಿಗೆ ಒಪ್ಪಿಸಿ, ಅದು ಹೊಸ ಲೆಕ್ಕವನ್ನು ಆರಂಭಿಸುವುದು. ಛಾಯಾಫಲಕವಾದರೋ ಹನಿಹನಿಯಾಗಿ ಬಿದ್ದುದನ್ನು ಗಂಟೆಗಟ್ಟಲೆ ಕೂಡಿಟ್ಟುಕೊಳ್ಳಬಲ್ಲುದು. ಗೆಲಾಕ್ಸಿಗಳ ವಿಜ್ಞಾನವೆಲ್ಲವೂ ಈ ಒಂದು ಭೇದದ ಮೇಲೆ ನಿಂತಿದೆ ಎಂದರೆ ಹೆಚ್ಚು ತಪ್ಪಾಗಲಾರದು.

ಒಬ್ಬ ಹವ್ಯಾಸಿಯ ನಾಲ್ಕು ಗಂಟೆ

ಈ ಭೇದವನ್ನು ಜಗತ್ತಿಗೆ ತೋರಿಸಿಕೊಟ್ಟವನು ಯಾವ ಸರ್ಕಾರಿ ವೀಕ್ಷಣಾಲಯದ ಅಧಿಕಾರಿಯೂ ಅಲ್ಲ. ವೇಲ್ಸ್ ದೇಶದಲ್ಲಿ 1829ರಲ್ಲಿ ಹುಟ್ಟಿದ ಐಸಾಕ್ ರಾಬರ್ಟ್ಸನು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕಟ್ಟಡ ಕಟ್ಟಿಸುವ ವ್ಯಾಪಾರದಿಂದ ಹಣ ಗಳಿಸಿದವನು. ಖಗೋಳಶಾಸ್ತ್ರ ಅವನ ಹವ್ಯಾಸ. ಆ ಊರಿನ ಬಳಿಯ ಮಗಲ್ ಎಂಬಲ್ಲಿ ತನ್ನ ಮನೆಯಲ್ಲಿಯೇ ಅವನು 20 ಅಂಗುಲ ವ್ಯಾಸದ ದರ್ಪಣವುಳ್ಳ ದೂರದರ್ಶಕವೊಂದನ್ನು ಸ್ಥಾಪಿಸಿದನು. ದರ್ಪಣದ ನಾಭಿಯಲ್ಲಿ ಕಣ್ಣಿಗೆ ಬದಲಾಗಿ ಫಲಕವನ್ನಿಟ್ಟು, 1888ನೆಯ ಡಿಸೆಂಬರ್ 29ರ ರಾತ್ರಿ ದೇವಯಾನಿಯ ಕಡೆಗೆ ತಿರುಗಿಸಿ, ನಾಲ್ಕು ಗಂಟೆಗಳ ಕಾಲ ಬೆಳಕಿಗೆ ಒಡ್ಡಿದನು.

ಫಲಕವನ್ನು ತೊಳೆದಾಗ ಕಂಡುದು ಅಪೂರ್ವವಾಗಿತ್ತು. ಅಮೆರಿಕದ ಹಾರ್ವರ್ಡಿನಲ್ಲಿ ಜಾರ್ಜ್ ಬಾಂಡನು 1847ರಲ್ಲಿಯೇ ಈ ನೀಹಾರಿಕೆಯಲ್ಲಿ ಎರಡು ಕಪ್ಪು ಗೀರುಗಳನ್ನು ಕಂಡಿದ್ದನು. ಅವು ಏನೆಂಬುದು ಯಾರಿಗೂ ತಿಳಿದಿರಲಿಲ್ಲ. ರಾಬರ್ಟ್ಸನ ಚಿತ್ರದಲ್ಲಿ ಅವು ಸುರುಳಿಯ ಸುತ್ತುಗಳ ನಡುವಿನ ಕತ್ತಲೆಯ ಓಣಿಗಳೆಂದು ಸ್ಪಷ್ಟವಾಯಿತು.

ಆದರೆ ಚಿತ್ರ ಸರಿಯಾಗಿದ್ದರೂ ಅದಕ್ಕೆ ಆ ಕಾಲದವರು ಹೇಳಿದ ಅರ್ಥ ಸರಿಯಾಗಿರಲಿಲ್ಲ. ಸುತ್ತುವ ಅನಿಲರಾಶಿಯಿಂದ ಸೂರ್ಯನೂ ಗ್ರಹಗಳೂ ಹುಟ್ಟಿದುವೆಂದು ಲಾಪ್ಲಾಸನು ಹೇಳಿದ್ದನಷ್ಟೆ. ಇಲ್ಲಿ ಅಂಥದೊಂದು ಸೌರವ್ಯೂಹ ರೂಪುಗೊಳ್ಳುತ್ತಿದೆ ಎಂದೇ ಹಲವರು ಭಾವಿಸಿದರು. ಎಡ್ವಿನ್ ಹಬಲನು 1923ರಲ್ಲಿ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ತೆಗೆದ ಫಲಕಗಳಲ್ಲಿ ಸೆಫೀಡ್ ಎಂಬ ಜಾತಿಯ, ಬೆಳಕು ಏರಿಳಿಯುವ ನಕ್ಷತ್ರವನ್ನು ಗುರುತಿಸಿ, ಈ ನೀಹಾರಿಕೆ ನಮ್ಮ ಆಕಾಶಗಂಗೆಯ ಆಚೆಗಿರುವ ಮತ್ತೊಂದು ಗೆಲಾಕ್ಸಿ ಎಂದು ಸಿದ್ಧಪಡಿಸಿದ ಮೇಲೆ ಆ ಭಾವನೆ ಅಳಿಯಿತು. ವ್ಯಾಖ್ಯಾನ ಬಿದ್ದುಹೋಯಿತು, ಫಲಕ ಉಳಿಯಿತು. ಪ್ರಾಮಾಣಿಕವಾದ ದಾಖಲೆಗೆ ಇರುವ ಬಾಳಿಕೆ ಇದು.

ಭೂಮಿಯ ಭ್ರಮಣವೆಂಬ ತೊಡಕು

ನಾಲ್ಕು ಗಂಟೆ ಒಡ್ಡುವುದು ಸುಲಭದ ಮಾತಲ್ಲ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ವಿಕಲೆಗಳಂತೆ ಸರಿಯುತ್ತಿರುವುದು. (ಒಂದು ಡಿಗ್ರಿಯಲ್ಲಿ 3,600 ವಿಕಲೆಗಳು.) 41 ಡಿಗ್ರಿ ಕ್ರಾಂತಿಯಲ್ಲಿ ಈ ವೇಗ 15ನ್ನು 41 ಡಿಗ್ರಿಯ ಕೊಸೈನಿನಿಂದ ಗುಣಿಸಿದಷ್ಟು, ಅಂದರೆ ಸುಮಾರು 11.3 ವಿಕಲೆ.

ನಮ್ಮ ಮಾಳಿಗೆಯ ಮೇಲಿನ ಉಪಕರಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮಸೂರದ ವ್ಯಾಸ 80 ಮಿಲಿಮೀಟರ್. ನಾಭಿದೂರ 480 ಮಿಲಿಮೀಟರ್. ಮೂರು ಡಿಗ್ರಿಗಳಷ್ಟು ಅಗಲವಾದ, ಎಂದರೆ ಆರು ಹುಣ್ಣಿಮೆಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದವಾದ ದೇವಯಾನಿಯ ಪ್ರತಿಬಿಂಬ ಇದರಲ್ಲಿ 25 ಮಿಲಿಮೀಟರಿನಷ್ಟಾಗುವುದು. ಕ್ಯಾಮೆರಾದ ಸಿಲಿಕಾನ್ ಫಲಕದಲ್ಲಿ ಒಂದೊಂದು ಪಿಕ್ಸೆಲಿನ ಅಗಲ 3.76 ಮೈಕ್ರಾನ್. ಈ ಅಗಲವನ್ನು ನಾಭಿದೂರದಿಂದ ಭಾಗಿಸಿ 2,06,265ರಿಂದ ಗುಣಿಸಿದರೆ, ಒಂದು ಪಿಕ್ಸೆಲು ಆಕಾಶದ 1.6 ವಿಕಲೆಯನ್ನು ಆವರಿಸುವುದೆಂದು ತಿಳಿಯುವುದು. ಹೀಗಿರಲು, ದೂರದರ್ಶಕ ನಿಶ್ಚಲವಾಗಿದ್ದರೆ ದೇವಯಾನಿಯ ನಕ್ಷತ್ರವೊಂದು ಸೆಕೆಂಡಿನ ಏಳನೆಯ ಒಂದು ಭಾಗದಲ್ಲಿ ಪಿಕ್ಸೆಲನ್ನು ದಾಟಿಹೋಗುವುದು! ಆದುದರಿಂದ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ದೂರದರ್ಶಕವನ್ನು ಕೂರಿಸಿ, ಭೂಮಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಅದೇ ವೇಗದಲ್ಲಿ ಮೋಟಾರಿನಿಂದ ತಿರುಗಿಸಬೇಕು.

ಈ ಅಕ್ಷವನ್ನು ಧ್ರುವದ ಕಡೆಗೆ ಸರಿಯಾಗಿ ಗುರಿಯಿಡುವುದರಲ್ಲಿಯೇ ನಾವು ಮೊದಲು ಎಡವಿದುದು. ಯೂರೋಪಿನಲ್ಲಿ ಧ್ರುವನಕ್ಷತ್ರ ಎತ್ತರದಲ್ಲಿರುವುದರಿಂದ ಗುರಿಯಿಡುವುದು ಸುಲಭ. ನಮ್ಮಲ್ಲಿ ಅದು ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುವುದು. ನಮ್ಮ ಮನೆಯಿಂದ ನೋಡಿದರೆ ನೆರೆಮನೆಯ ತೆಂಗಿನಮರಗಳ ಹಿಂದೆ ಅಡಗಿರುವುದು. ದಿಕ್ಸೂಚಿಯನ್ನು ನಂಬಿ ಅಂದಾಜಿನಿಂದ ಅಕ್ಷವನ್ನು ನಿಲ್ಲಿಸಿ ತೆಗೆದ ನಮ್ಮ ಮೊದಲ ತಿಂಗಳ ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಅಕ್ಕಿಕಾಳಿನಂತೆ ಉದ್ದುದ್ದವಾಗಿ ಬಂದುವು. ತಪ್ಪು ಮೋಟಾರಿನದೆಂದು ನಾವು ಬಹಳ ದಿನ ಅದನ್ನೇ ಬಿಚ್ಚಿ ಕಟ್ಟುತ್ತಿದ್ದೆವು. ಕಡೆಗೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಅಕ್ಷ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರ ಸೆಕೆಂಡಿಗೆ 0.26 ವಿಕಲೆಯವರೆಗೆ ಪಕ್ಕಕ್ಕೆ ಸರಿಯಬಹುದು. ಒಂದು ನಿಮಿಷದಲ್ಲಿ ಇದು ಸುಮಾರು 16 ವಿಕಲೆ, ಎಂದರೆ ಹತ್ತು ಪಿಕ್ಸೆಲು!

ಧ್ರುವ ಕಾಣದವರಿಗೂ ಉಪಾಯವುಂಟು. ಆಕಾಶದ ವಿಷುವದ್ವೃತ್ತದ ಬಳಿ, ಮಧ್ಯಾಹ್ನರೇಖೆಯ ಮೇಲಿರುವ ನಕ್ಷತ್ರವೊಂದನ್ನು ಕೆಲವು ನಿಮಿಷ ಗಮನಿಸಬೇಕು. ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಅಕ್ಷ ಪೂರ್ವಪಶ್ಚಿಮವಾಗಿ ತಪ್ಪಿದೆ ಎಂದರ್ಥ. ಬಳಿಕ ಪೂರ್ವದಿಗಂತದ ಕಡೆಯ ನಕ್ಷತ್ರವನ್ನು ಗಮನಿಸಿದರೆ ಅಕ್ಷದ ಎತ್ತರದ ತಪ್ಪು ತಿಳಿಯುವುದು. ಜಾರುವುದು ನಿಲ್ಲುವವರೆಗೆ ತಿರುಪುಗಳನ್ನು ತಿದ್ದುತ್ತ ಹೋಗಬೇಕು. ಧ್ರುವವನ್ನು ಕಾಣದೆಯೇ ಧ್ರುವವನ್ನು ಹಿಡಿಯುವ ಈ ರೀತಿ ನಮ್ಮ ನಾಡಿನವರಿಗೆ ಬಹಳ ಉಪಯುಕ್ತ.

ಹನಿಗಳ ಲೆಕ್ಕ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ನಗರದ ಆಕಾಶವೇ ಹೊಳೆಯುತ್ತಿರುವಾಗ, ಅದಕ್ಕಿಂತ ಎಷ್ಟೋ ಮಂಕಾದ ಗೆಲಾಕ್ಸಿಯ ತೋಳುಗಳು ಚಿತ್ರದಲ್ಲಿ ಮೂಡುವುದಾದರೂ ಹೇಗೆ?

ತುಂತುರುಮಳೆಯಲ್ಲಿ ಅಂಗಳದಲ್ಲಿ ಒಂದೇ ಅಳತೆಯ ಹಲವು ಬಟ್ಟಲುಗಳನ್ನಿಟ್ಟೆವೆನ್ನೋಣ. ಎಲ್ಲದರಲ್ಲಿಯೂ ಸರಿಯಾಗಿ ಅಷ್ಟೇ ಹನಿಗಳು ಬೀಳುವುದಿಲ್ಲ. ಸರಾಸರಿ 100 ಹನಿ ಬೀಳುವಲ್ಲಿ ಒಂದರಲ್ಲಿ 92, ಇನ್ನೊಂದರಲ್ಲಿ 109 ಇರಬಹುದು. ಈ ಏರಿಳಿತ ಸಾಮಾನ್ಯವಾಗಿ ಹನಿಗಳ ಸಂಖ್ಯೆಯ ವರ್ಗಮೂಲದಷ್ಟಿರುವುದು: 100ಕ್ಕೆ 10, 10,000ಕ್ಕೆ 100. ಬೆಳಕು ಫೋಟಾನುಗಳೆಂಬ ಹನಿಗಳಾಗಿ ಬರುವುದರಿಂದ ಪಿಕ್ಸೆಲುಗಳಿಗೂ ಇದೇ ನಿಯಮ ಅನ್ವಯಿಸುವುದು.

ಒಂದು ಚಿತ್ರದಲ್ಲಿ ಒಂದು ಪಿಕ್ಸೆಲಿಗೆ ಗೆಲಾಕ್ಸಿಯ ತೋಳಿನಿಂದ 10, ನಗರದ ಆಕಾಶದಿಂದ 100 ಫೋಟಾನುಗಳು ಎಣಿಕೆಗೆ ಬಂದುವೆಂದು ಇಟ್ಟುಕೊಳ್ಳೋಣ. ಒಟ್ಟು 110, ಇದರ ವರ್ಗಮೂಲ 10.5. ನಮಗೆ ಬೇಕಾದ 10 ಏರಿಳಿತದ 10.5ರಲ್ಲಿ ಮುಳುಗಿಹೋಗಿದೆ. ಇಂಥ 100 ಚಿತ್ರಗಳನ್ನು ತೆಗೆದು ಕೂಡಿದರೆ ಗೆಲಾಕ್ಸಿಯ ಪಾಲು 1,000, ಒಟ್ಟು ಮೊತ್ತ 11,000, ಏರಿಳಿತ 105. ಬೆಳಕು ನೂರು ಪಟ್ಟು ಬೆಳೆದರೆ ಏರಿಳಿತ ಹತ್ತು ಪಟ್ಟು ಮಾತ್ರ ಬೆಳೆದಿದೆ! ಈಗ ಗೆಲಾಕ್ಸಿ ಏರಿಳಿತದ ಒಂಬತ್ತೂವರೆ ಪಟ್ಟು ಮೇಲೆದ್ದು ನಿಂತಿತು. ಆಕಾಶದ ಸರಾಸರಿ ಹೊಳಪನ್ನು ಎಲ್ಲ ಪಿಕ್ಸೆಲುಗಳಿಂದ ಕಳೆದರೆ ಸುರುಳಿ ಕಣ್ಣಿಗೆ ಕಾಣುವುದು.

ಇದೇ ಉಪಕರಣವನ್ನು ಹಳ್ಳಿಗೆ ಕೊಂಡೊಯ್ದೆವೆನ್ನೋಣ. ಅಲ್ಲಿ ಆಕಾಶದ ಪಾಲು 100ಕ್ಕೆ ಬದಲು 10. ಒಂದು ಚಿತ್ರದ ಒಟ್ಟು ಮೊತ್ತ 20, ಏರಿಳಿತ 4.5. ನಗರದ 100 ಚಿತ್ರಗಳ ಫಲ ಇಲ್ಲಿ 18 ಚಿತ್ರಗಳಲ್ಲಿಯೇ ದೊರೆಯುವುದು. ಆಕಾಶ ಇನ್ನೂ ಬೆಳಗಿ 400 ಆದರೆ ಎಷ್ಟು ಚಿತ್ರಗಳು ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ. ಉತ್ತರ ಸುಮಾರು 370 ಎಂದು ಬರಬೇಕು. ಬೀದಿಯ ದೀಪವೊಂದು ಮೇಲಕ್ಕೆ ಚೆಲ್ಲುವ ವ್ಯರ್ಥವಾದ ಬೆಳಕಿಗೆ ನಾವು ತೆರುವ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟ.

ಕೂಡುವುದರಿಂದ ಹೋಗದ ದೋಷಗಳೂ ಕೆಲವುಂಟು. ಬೆಳಕಿಲ್ಲದಿದ್ದರೂ ಶಾಖದಿಂದಲೇ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುವುವು. ಆದುದರಿಂದ ಮಸೂರಕ್ಕೆ ಮುಚ್ಚಳ ಹಾಕಿ, ಅದೇ ಉಷ್ಣತೆಯಲ್ಲಿ ಅಷ್ಟೇ ಹೊತ್ತಿನ ಕತ್ತಲೆಯ ಚಿತ್ರಗಳನ್ನು ತೆಗೆದು ಕಳೆಯಬೇಕು. ಮಸೂರದ ಅಂಚಿನ ಮಬ್ಬು, ಧೂಳಿನ ನೆರಳು ಇವುಗಳನ್ನು ನೀಗಲು ಒಂದೇ ಸಮನಾಗಿ ಬೆಳಗಿದ ಬಿಳಿಯ ಮೇಲ್ಮೈಯ ಚಿತ್ರ ತೆಗೆದು, ಅದರಿಂದ ಭಾಗಿಸಬೇಕು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಮಾಡುವ ಶೂನ್ಯದೋಷದ ತಿದ್ದುಪಡಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ರೊಸಾರಿಯೊ ನಗರದ ಒಂದು ರಾತ್ರಿ

ದೊಡ್ಡ ವೀಕ್ಷಣಾಲಯಗಳಿರುವಾಗ ಮನೆಯ ಮಾಳಿಗೆಯ ಈ ಶ್ರಮದಿಂದ ವಿಜ್ಞಾನಕ್ಕೇನು ಲಾಭವೆಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಅರ್ಜೆಂಟೀನ ದೇಶದ ರೊಸಾರಿಯೊ ನಗರದಲ್ಲಿ ನಡೆದ ಸಂಗತಿಯನ್ನು ಹೇಳಬೇಕು. ಅಲ್ಲಿನ ವಿಕ್ಟರ್ ಬೂಸೋ ಎಂಬವರು ಬೀಗದ ಕೆಲಸದವರು. ತಮ್ಮ ಮನೆಯ ಮೇಲೆಯೇ ವೀಕ್ಷಣಾಲಯವನ್ನು ಕಟ್ಟಿಕೊಂಡವರು. 2016ರ ಸೆಪ್ಟೆಂಬರ್ 20ರಂದು ಅವರು ಹೊಸ ಕ್ಯಾಮೆರಾವೊಂದನ್ನು ಪರೀಕ್ಷಿಸಲೆಂದು 40 ಸೆಂಟಿಮೀಟರಿನ ದೂರದರ್ಶಕವನ್ನು ಎನ್.ಜಿ.ಸಿ. 613 ಎಂಬ ಸುರುಳಿ ಗೆಲಾಕ್ಸಿಯ ಕಡೆಗೆ ತಿರುಗಿಸಿದರು. ನಗರದ ಆಕಾಶ ಬೆಳಗಿದ್ದುದರಿಂದ ದೀರ್ಘವಾಗಿ ಒಡ್ಡದೆ, 20 ಸೆಕೆಂಡುಗಳ ಚಿತ್ರಗಳನ್ನು ಒಂದರ ಮೇಲೊಂದು ತೆಗೆಯುತ್ತ ಹೋದರು.

ಮೊದಲ ಚಿತ್ರಗಳಲ್ಲಿ ವಿಶೇಷವೇನೂ ಇರಲಿಲ್ಲ. ಅನಂತರದ ಚಿತ್ರಗಳಲ್ಲಿ ಸುರುಳಿತೋಳಿನ ಅಂಚಿನಲ್ಲಿ ಹೊಸ ಚುಕ್ಕೆಯೊಂದು ಮೂಡಿ, ಬರಬರುತ್ತ ಬೆಳಗತೊಡಗಿತು. ಅದು ಸೂಪರ್‌ನೋವಾ ಎಂಬ ನಕ್ಷತ್ರಸ್ಫೋಟದ ಮೊದಲ ಕ್ಷಣಗಳ ಬೆಳಕು. ಭಾರವಾದ ನಕ್ಷತ್ರದ ಗರ್ಭ ಕುಸಿದಾಗ ಹುಟ್ಟಿದ ಆಘಾತತರಂಗ ಒಳಗಿನಿಂದ ಹೊರಟು ಮೇಲ್ಮೈಯನ್ನು ಒಡೆದುಕೊಂಡು ಬರುವಾಗ ಬೆಳಕು ಥಟ್ಟನೆ ಏರುವುದೆಂದು ಸಿದ್ಧಾಂತ ಬಹುಕಾಲದಿಂದ ಹೇಳುತ್ತಿತ್ತು. ಆದರೆ ಯಾವ ನಕ್ಷತ್ರ ಯಾವ ಗಳಿಗೆಯಲ್ಲಿ ಸಿಡಿಯುವುದೆಂದು ತಿಳಿಯದಿರುವಾಗ ಆ ಕ್ಷಣವನ್ನು ಕಾಯುವುದೆಂತು? ಬೂಸೋ ಅವರು ಸುದ್ದಿಯನ್ನು ಕೂಡಲೆ ಹರಡಿದರು. ದೊಡ್ಡ ದೂರದರ್ಶಕಗಳು ಆ ಕಡೆಗೆ ತಿರುಗಿದುವು. ಮೆಲಿನಾ ಬೆರ್ಸ್ಟೆನ್ ಎಂಬ ವಿದುಷಿಯ ಮುಂದಾಳ್ತನದಲ್ಲಿ ಬರೆದ ಲೇಖನ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಬೂಸೋ ಅವರೂ ಒಬ್ಬರು.

ಇದು ಅದೃಷ್ಟವೆಂದು ಹೇಳುವವರುಂಟು, ಅದೃಷ್ಟವೇ ಸರಿ. ಆದರೆ ಮೊದಲ ಚಿತ್ರಗಳಲ್ಲಿ ಏನೂ ಇಲ್ಲವೆಂದು ಅವರು ಅವನ್ನು ಅಳಿಸಿಹಾಕಿದ್ದರೆ, ಚುಕ್ಕೆ ಯಾವಾಗ ಇರಲಿಲ್ಲ, ಯಾವಾಗ ಬಂತು ಎಂಬ ಲೆಕ್ಕವೇ ಸಿಗುತ್ತಿರಲಿಲ್ಲ. ಏನೂ ಕಾಣದ ಚಿತ್ರವೂ ಒಂದು ಸಾಕ್ಷಿ. ನಮ್ಮ ವಿದ್ಯಾರ್ಥಿಗಳಿಗೆ ನಾವು ಮತ್ತೆಮತ್ತೆ ಹೇಳುವುದು ಇದನ್ನೇ: ಪ್ರತಿಯೊಂದು ಮೂಲಚಿತ್ರವನ್ನೂ ತಾರೀಖು, ವೇಳೆಗಳೊಡನೆ ಹಾಗೆಯೇ ಉಳಿಸಿರಿ. ಬಣ್ಣ ತಿದ್ದಿ ಅಂದಗೊಳಿಸುವುದಾದರೆ ಪ್ರತಿಯ ಮೇಲೆ ಮಾಡಿರಿ. ಇಲ್ಲದುದನ್ನು ಚಿತ್ರಕ್ಕೆ ಸೇರಿಸಬೇಡಿರಿ.

ಆರಂಭಿಸುವ ಬಗೆ

ಇದಕ್ಕೆಲ್ಲ ಬಹಳ ಹಣ ಬೇಕೆಂದು ಯಾರೂ ಹಿಂಜರಿಯಬೇಕಾಗಿಲ್ಲ. 50 ಮಿಲಿಮೀಟರ್ ನಾಭಿದೂರದ ಸಾಧಾರಣ ಮಸೂರದ ಕ್ಯಾಮೆರಾ, ಗಟ್ಟಿಯಾದ ಮುಕ್ಕಾಲಿ, ಕತ್ತಲೆಯ ಹಳ್ಳಿ, ಇಷ್ಟಿದ್ದರೆ ಸಾಕು. ಇಂಥ ಮಸೂರದಲ್ಲಿ ದೇವಯಾನಿಯ ನಕ್ಷತ್ರ ಒಂದು ಪಿಕ್ಸೆಲನ್ನು ದಾಟಲು ಒಂದೂವರೆ ಸೆಕೆಂಡಿನಷ್ಟು ಕಾಲ ಹಿಡಿಯುವುದು. ಆದುದರಿಂದ ಎರಡು ಮೂರು ಸೆಕೆಂಡುಗಳ ಇನ್ನೂರು ಚಿತ್ರಗಳನ್ನು ತೆಗೆದು, ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಕೂಡಿದರೆ, ಅಂಡಾಕಾರದ ಆ ಬೆಳಕು ಹಿನ್ನೆಲೆಯಿಂದ ಎದ್ದುಬರುವುದನ್ನು ಕಣ್ಣಾರೆ ಕಾಣಬಹುದು. ಮೇಲೆ ಹೇಳಿದ ವರ್ಗಮೂಲದ ನಿಯಮವನ್ನು 1, 4, 16, 64 ಚಿತ್ರಗಳನ್ನು ಕೂಡಿ ಪರೀಕ್ಷಿಸಿದರೆ ಅದೇ ಒಂದು ಒಳ್ಳೆಯ ಪ್ರಯೋಗವಾಗುವುದು.

ನಮ್ಮ ಮಾಳಿಗೆಯಲ್ಲಿ ಡಿಸೆಂಬರಿನ ಇಬ್ಬನಿ ಮಸೂರವನ್ನು ಮಬ್ಬಾಗಿಸುವುದುಂಟು. ಬಿಸಿಲಿಗೆ ಕಾದ ಕಾಂಕ್ರೀಟು ರಾತ್ರಿಯೆಲ್ಲ ಶಾಖ ಬಿಡುತ್ತ ನಕ್ಷತ್ರಗಳನ್ನು ನಡುಗಿಸುವುದುಂಟು. ಆದರೂ 25 ಲಕ್ಷ ವರ್ಷಗಳ ಪ್ರಯಾಣ ಮುಗಿಸಿ ಬಂದ ಬೆಳಕು ನೆಲಕ್ಕೆ ಬಿದ್ದು ವ್ಯರ್ಥವಾಗುವ ಬದಲು ನಮ್ಮ ಫಲಕದ ಮೇಲೆ ಬಿದ್ದು ಲೆಕ್ಕಕ್ಕೆ ಸೇರುವುದಾದರೆ, ಒಂದು ರಾತ್ರಿಯ ನಿದ್ದೆ ಅದಕ್ಕೆ ದೊಡ್ಡ ಬೆಲೆಯೇನಲ್ಲ.