ಗಣಿ–ಕ್ವಾರಿಗಳಿಂದ ವನ್ಯಜೀವಿ ನೆಲೆ: ಪರೀಕ್ಷಾ ಟಿಪ್ಪಣಿ

ಪರಿಕಲ್ಪನೆ
1. ಪುನಃಸ್ಥಾಪನೆ: ಸ್ಥಳೀಯ ಜೀವಿಸಮುದಾಯವನ್ನು ಮರಳಿ ತರುವುದು.
2. ಭೂಸುಧಾರಣೆ: ನೆಲವನ್ನು ಮತ್ತೆ ಬಳಕೆಗೆ ತರುವುದು, ಮೂಲ ಜೀವಿಗಳು ಮರಳಲೇಬೇಕೆಂದಿಲ್ಲ.
3. ಮೇಲ್ಮಣ್ಣಿಲ್ಲದ ಬರಿಬಂಡೆಯಲ್ಲಿ ನಡೆಯುವುದು ಪ್ರಾಥಮಿಕ ಅನುಕ್ರಮಣ. ಮೊದಲು ನೆಲೆಸುವುದು ಕಲ್ಲುಹೂವು.

ನೆಲೆಗಳು
- ಕಡಿದಾದ ಮಣ್ಣುಗೋಡೆ: ಮಿಂಚುಳ್ಳಿ, ಕಳ್ಳಿಪೀರ.
- ಬಂಡೆಯಂಚು: ಕೊಂಬಿನ ಗೂಬೆ.
- ಹೊಂಡದ ಆಳವಿಲ್ಲದ ಅಂಚು: ಕಪ್ಪೆ, ಕೊಡತಿಹುಳು, ನೀರುಹಕ್ಕಿ. ಹೀಗಾಗಿ ದಡ ಇಳಿಜಾರಾಗಿರಬೇಕು.

ಉದಾಹರಣೆಗಳು
1. ಅರಾವಳಿ ಜೀವವೈವಿಧ್ಯ ಉದ್ಯಾನ, ಗುರುಗ್ರಾಮ (ಹರಿಯಾಣ): ಹಿಂದೆ ಕಲ್ಲುಗಣಿ. ಬಳ್ಳಾರಿ ಜಾಲಿ ತೆರವುಗೊಳಿಸಿ ಸ್ಥಳೀಯ ಗಿಡಗಳನ್ನು ನೆಡಲಾಯಿತು. 2022ರ ಫೆಬ್ರವರಿ 2ರಂದು (ವಿಶ್ವ ಜೌಗುಭೂಮಿ ದಿನ) ದೇಶದ ಮೊದಲ ಒಇಸಿಎಂ (ಅರ್ಥ ಕೆಳಗೆ, ‘ಗೊಂದಲ ಬೇಡ’ದಲ್ಲಿ) ತಾಣವೆಂದು ಘೋಷಣೆ.
2. ಅಸೋಲಾ–ಭಟ್ಟಿ ವನ್ಯಜೀವಿಧಾಮ, ದೆಹಲಿ: ಹಳೆಯ ಗಣಿಗುಂಡಿಗಳು ಇಂದು ಕೆರೆಗಳು.

ಕಾನೂನು
- ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ (ಎಂಎಂಡಿಆರ್), 1957: ಜಲ್ಲಿಗರಸು, ಕಟ್ಟಡ ಕಲ್ಲು ಉಪಖನಿಜಗಳು, ಸೆಕ್ಷನ್ 15ರಡಿ ನಿಯಮ ರಚನೆ ರಾಜ್ಯಗಳದ್ದು.
- ಸುಪ್ರೀಂ ಕೋರ್ಟ್, 8 ಜನವರಿ 2020: ಗಣಿಗಾರಿಕೆ ಮುಗಿದ ಬಳಿಕ ಗುತ್ತಿಗೆದಾರರು ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತು ವಿಧಿಸಲು ಕೇಂದ್ರಕ್ಕೆ ನಿರ್ದೇಶನ.
- ಕರ್ನಾಟಕ: ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ (ಕೆಎಂಇಆರ್‌ಸಿ).

ಗೊಂದಲ ಬೇಡ
- ಒಇಸಿಎಂ ಎಂದರೆ ಇತರ ಪರಿಣಾಮಕಾರಿ ಪ್ರದೇಶಾಧಾರಿತ ಸಂರಕ್ಷಣಾ ಕ್ರಮ. ಇದು ಸಂರಕ್ಷಿತ ಪ್ರದೇಶವಲ್ಲ. ವ್ಯಾಖ್ಯಾನ: 2018, ಜೀವವೈವಿಧ್ಯ ಒಪ್ಪಂದದ 14ನೇ ಸಮಾವೇಶ, ಈಜಿಪ್ಟ್.
- ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು (2022): ಗುರಿ 2 ಪುನಃಸ್ಥಾಪನೆ, ಗುರಿ 3 ಸಂರಕ್ಷಣೆ, ಎರಡರಲ್ಲೂ ಶೇ 30, ಗಡುವು 2030.
- ವಿಶ್ವಸಂಸ್ಥೆಯ ಪರಿಸರ ವ್ಯವಸ್ಥೆ ಪುನಃಸ್ಥಾಪನಾ ದಶಕ: 2021–2030.
- ಗಿಡ ನೆಡುವುದೊಂದೇ ಪುನಃಸ್ಥಾಪನೆಯಲ್ಲ; ಹುಲ್ಲು, ಬಂಡೆ, ನೀರು ಮೂರೂ ನೆಲೆಗಳೇ.