ನದಿ ದಂಡೆಯಲ್ಲಿ ಸಿಕ್ಕ ಹಲ್ಲು ಯಾರದು?

ಮಕ್ಕಳೇ, ಬೆಳಗಾವಿ ಜಿಲ್ಲೆಯ ಘಟಪ್ರಭಾ ಕಣಿವೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗಗಳು ಮೇಯುತ್ತಿದ್ದವು ಎಂದರೆ ನಂಬುತ್ತೀರಾ? ಇಂದು ಕಾಡಿನಲ್ಲಿ ಘೇಂಡಾಮೃಗವನ್ನು ನೋಡಬೇಕಾದರೆ ಅಸ್ಸಾಂನ ಕಾಜಿರಂಗದಂಥ ದೂರದ ಸ್ಥಳಕ್ಕೆ ಹೋಗಬೇಕು. ಆದರೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಗೋಕಾಕದ ಸಮೀಪ ಘೇಂಡಾಮೃಗದ ಪಳೆಯುಳಿಕೆಗಳು ಸಿಕ್ಕವು. 1874ರಲ್ಲಿ ಅವರು ಅವುಗಳ ವಿವರ ಪ್ರಕಟಿಸಿ, ಆ ಪ್ರಾಣಿಗೆ ದಖ್ಖನ್ನಿನ ಹೆಸರನ್ನೇ ಸೇರಿಸಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಕರೆದರು.

ಕಣ್ಣಾರೆ ಯಾರೂ ಕಾಣದ ಪ್ರಾಣಿಯನ್ನು ಹೀಗೆ ಗುರುತಿಸುವುದು ಹೇಗೆ? ಬನ್ನಿ, ತಿಳಿಯೋಣ.

ನದಿಯಲ್ಲಿ ಪಳೆಯುಳಿಕೆ ಏಕೆ ಸಿಗುತ್ತದೆ?

ಸತ್ತ ಪ್ರಾಣಿಯ ದೇಹ ಬಯಲಿನಲ್ಲಿ ಬಿದ್ದರೆ ನರಿ, ಹದ್ದು, ಕ್ರಿಮಿಕೀಟಗಳು ತಿಂದುಬಿಡುತ್ತವೆ. ಎಲುಬೂ ಬಿಸಿಲು ಮಳೆಗೆ ಪುಡಿಯಾಗುತ್ತದೆ. ಆದರೆ ನದಿಯ ಪ್ರವಾಹ ಅದರ ಮೇಲೆ ಬೇಗನೆ ಮರಳು, ಮೆಕ್ಕಲು ಮಣ್ಣನ್ನು ಹೊದಿಸಿದರೆ ಎಲುಬು, ಹಲ್ಲುಗಳು ಉಳಿಯಬಹುದು. ಅಂತರ್ಜಲದಲ್ಲಿ ಕರಗಿದ ಖನಿಜಗಳು ಸಾವಿರಾರು ವರ್ಷಗಳಲ್ಲಿ ಎಲುಬಿನ ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತವೆ. ಎಲುಬು ನಿಧಾನವಾಗಿ ಕಲ್ಲಿನಂತಾಗುತ್ತದೆ. ಮುಂದೆ ಎಂದೋ ಅದೇ ನದಿ ದಂಡೆಯನ್ನು ಕೊರೆದಾಗ ಅದು ಮತ್ತೆ ಹೊರಬರುತ್ತದೆ. ಹೂಳುವುದೂ ನದಿಯೇ, ತೆಗೆದು ತೋರಿಸುವುದೂ ನದಿಯೇ!

ಕಲ್ಲೋ? ಎಲುಬೋ? ಪಳೆಯುಳಿಕೆಯೋ?

ನದಿಯಲ್ಲಿ ಉರುಳಿ ನುಣುಪಾದ ಎಷ್ಟೋ ಕಲ್ಲುಗಳು ಎಲುಬಿನ ಆಕಾರದಲ್ಲಿಯೇ ಇರುತ್ತವೆ. ಆದ್ದರಿಂದ ಆಕಾರವನ್ನು ಮಾತ್ರ ನೋಡಬೇಡಿ. ಮುರಿದ ಅಂಚನ್ನು ಭೂತಗನ್ನಡಿಯಿಂದ ನೋಡಿ. ಎಲುಬಾದರೆ ಹೊರಗೆ ಗಟ್ಟಿಯಾದ ಪದರ, ಅನೇಕ ಕಡೆ ಒಳಗೆ ಜೇನುಗೂಡಿನಂತಹ ಜಾಲರಿ ಕಾಣುತ್ತದೆ. ಸಾಮಾನ್ಯ ಕಲ್ಲಿನಲ್ಲಿ ಈ ರಚನೆ ಇರುವುದಿಲ್ಲ.

ಎಲುಬು ಎಂದು ತಿಳಿದ ಮೇಲೆ, ಅದು ಹೊಸದೋ ಹಳೆಯದೋ ಎಂಬ ಪ್ರಶ್ನೆ. ಖನಿಜ ತುಂಬಿದ ಪಳೆಯುಳಿಕೆ ಅದೇ ಗಾತ್ರದ ಒಣ ಎಲುಬಿಗಿಂತ ಭಾರವಾಗಿರುತ್ತದೆ. ಮೆಲ್ಲಗೆ ಬಡಿದರೆ ಅನೇಕ ಸಲ ಕಲ್ಲಿನಂತೆ ‘ಟಣ್’ ಎನ್ನುತ್ತದೆ. ಕಬ್ಬಿಣ, ಮ್ಯಾಂಗನೀಸ್ ಸೇರಿದ್ದರೆ ಬಣ್ಣ ಕಂದು ಅಥವಾ ಕಪ್ಪಾಗಿರುತ್ತದೆ. ಆದರೆ ಎಚ್ಚರ! ಕೆಸರಿನಲ್ಲಿ ಕೆಲವೇ ವರ್ಷ ಬಿದ್ದಿದ್ದ ದನದ ಎಲುಬೂ ಕಪ್ಪಾಗಬಹುದು. ಒಂದೇ ಗುರುತನ್ನು ನಂಬಬೇಡಿ. ಎರಡು ಮೂರು ಗುರುತುಗಳು ಕೂಡಿ ಬಂದರೆ ಮಾತ್ರ ‘ಪಳೆಯುಳಿಕೆ ಇರಬಹುದು’ ಎನ್ನಿ.

ಹಲ್ಲು ಹೇಳುವ ಕಥೆ

ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಯಾವುದು ಗೊತ್ತೇ? ಹಲ್ಲಿನ ಮೇಲಿರುವ ಎನಾಮೆಲ್. ಅದರ ತೂಕದ ಸುಮಾರು ನೂರಕ್ಕೆ 96 ಭಾಗ ಖನಿಜವೇ. ಆದ್ದರಿಂದ ಎಲುಬುಗಳು ಚೂರಾದರೂ ಹಲ್ಲು ಉಳಿಯುತ್ತದೆ. ಒಂದೊಂದು ಬಗೆಯ ಪ್ರಾಣಿಯ ಹಲ್ಲಿನ ವಿನ್ಯಾಸ ಒಂದೊಂದು ರೀತಿ. ಅಗಿಯುವ ಹಲ್ಲಿನ ಮೇಲ್ಮೈ ನೋಡಿ:

• ದನ, ಎಮ್ಮೆ, ಜಿಂಕೆ: ಅರ್ಧಚಂದ್ರದಂತಹ ಗೆರೆಗಳು.
• ಕುದುರೆ: ಎತ್ತರದ ಹಲ್ಲು, ಮಡಿಕೆ ಮಡಿಕೆಯಾಗಿ ಸುತ್ತಿದ ಎನಾಮೆಲ್ ಗೆರೆ.
• ಆನೆ: ದೊಡ್ಡ ಹಲ್ಲು, ಒಂದರ ಪಕ್ಕ ಒಂದು ಜೋಡಿಸಿದ ಹಲಗೆಗಳಂತಹ ಅಡ್ಡ ಏಣುಗಳು.
• ಘೇಂಡಾಮೃಗ: ಮೇಲ್ದವಡೆಯ ಹಲ್ಲಿನಲ್ಲಿ ಗಣಿತದ ‘ಪೈ’ ಚಿಹ್ನೆಯನ್ನು ಹೋಲುವ ಏಣುಗಳು.
• ಹಂದಿ: ಗುಬುಟು ಗುಬುಟಾದ ಉಬ್ಬುಗಳು.
• ಹುಲಿ, ಚಿರತೆ: ಮಾಂಸ ಕತ್ತರಿಸಲು ಕತ್ತರಿಯ ಅಲಗಿನಂತಹ ಹರಿತವಾದ ಅಂಚು.
• ಮೊಸಳೆ: ಅಗಿಯುವ ಹಲ್ಲೇ ಇಲ್ಲ, ಎಲ್ಲವೂ ಶಂಕುವಿನಾಕಾರ.

ಹಲ್ಲಿನ ಅಂಚನ್ನೂ ಗಮನಿಸಿ. ಅಂಚು ಸವೆದು ಗುಂಡಗಾಗಿದ್ದರೆ ಅದು ನೀರಿನಲ್ಲಿ ಬಹಳ ಉರುಳಿರಬಹುದು. ಅಂಚು ಚೂಪಾಗಿಯೇ ಇದ್ದರೆ ಹೂತಿದ್ದ ಜಾಗ ಹತ್ತಿರದಲ್ಲೇ ಇರಬಹುದು.

ಸಿಕ್ಕ ಜಾಗವೇ ಅರ್ಧ ಸಾಕ್ಷಿ

ಘೇಂಡಾಮೃಗಕ್ಕೆ ನೀರು ಮತ್ತು ಹಸಿರು ಮೇವು ಹತ್ತಿರದಲ್ಲೇ ಇರಬೇಕು. ಗೋಕಾಕದ ಬಳಿ ಅದರ ಪಳೆಯುಳಿಕೆ ಸಿಕ್ಕಿತೆಂದರೆ, ಆ ಕಾಲದಲ್ಲಿ ಅಲ್ಲಿ ಅವೆರಡೂ ಸಾಕಷ್ಟಿದ್ದವು ಎಂದು ಊಹಿಸಬಹುದು. ಎಲ್ಲಿ ಸಿಕ್ಕಿತು ಎಂದು ಬರೆದಿಡದಿದ್ದರೆ? ಅದು ಬರೀ ಒಂದು ಪ್ರಾಣಿಯ ಹಲ್ಲಾಗುತ್ತಿತ್ತು. ನಮ್ಮ ನಾಡಿನ ಕಥೆ ಹೇಳುತ್ತಿರಲಿಲ್ಲ.

ಮಧ್ಯಪ್ರದೇಶದ ನರ್ಮದಾ ದಂಡೆಯ ಹಥ್ನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಅವರಿಗೆ ಪ್ರಾಚೀನ ಮಾನವನ ತಲೆಬುರುಡೆಯ ಭಾಗ ಸಿಕ್ಕಿತು. ಅದು ಯಾವ ಜಲ್ಲಿ ಪದರದಲ್ಲಿತ್ತು ಎಂಬುದು ಗೊತ್ತಿದ್ದರಿಂದಲೇ, ಅದೇ ಪದರದ ಇತರ ಪ್ರಾಣಿಗಳ ಪಳೆಯುಳಿಕೆಗಳ ಜೊತೆ ಹೋಲಿಸಿ ಅಧ್ಯಯನ ಮಾಡಲು ವಿಜ್ಞಾನಿಗಳಿಗೆ ಸಾಧ್ಯವಾಯಿತು.

ನಿಮಗೆ ಸಿಕ್ಕರೆ ಏನು ಮಾಡಬೇಕು?

1. ಹಿರಿಯರಿಲ್ಲದೆ ನದಿಗೆ ಹೋಗಬೇಡಿ. ನೀರಿಗಿಳಿಯಬೇಡಿ. ದಂಡೆಯನ್ನು ಅಗೆಯಬೇಡಿ, ಅದು ಕುಸಿಯಬಹುದು.
2. ದಂಡೆಯ ಮಣ್ಣಿನಲ್ಲಿ ಹೂತಿದ್ದರೆ ಕೀಳಬೇಡಿ. ಪಕ್ಕದಲ್ಲಿ ಸ್ಕೇಲು ಇಟ್ಟು ಚಿತ್ರ ಬರೆಯಿರಿ ಅಥವಾ ಫೋಟೋ ತೆಗೆಸಿ.
3. ಊರು, ದಿನಾಂಕ, ಎಡದಂಡೆಯೋ ಬಲದಂಡೆಯೋ, ನೀರಿನಿಂದ ಎಷ್ಟು ಎತ್ತರ, ಯಾವ ಬಣ್ಣದ ಮಣ್ಣು ಎಂದು ಬರೆದುಕೊಳ್ಳಿ.
4. ಮರಳಿನ ಮೇಲೆ ಬಿಡಿಯಾಗಿ ಬಿದ್ದಿದ್ದರೂ ತಿಕ್ಕಿ ತೊಳೆಯಬೇಡಿ, ಅಂಟು ಹಚ್ಚಬೇಡಿ.
5. ಶಿಕ್ಷಕರಿಗೆ ತಿಳಿಸಿ. ಅವರು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಬಹುದು.
6. ಮನುಷ್ಯರ ಎಲುಬು ಎಂಬ ಸಂಶಯ ಬಂದರೆ ಮುಟ್ಟಬೇಡಿ. ಹಿರಿಯರ ಮೂಲಕ ಪೊಲೀಸರಿಗೆ ತಿಳಿಸಿ.

ನೀವೇ ಮಾಡಿ ನೋಡಿ

ಬೇಯಿಸಿದ ಕೋಳಿಯ ಕಾಲಿನ ಎಲುಬನ್ನು ಚೆನ್ನಾಗಿ ತೊಳೆದು, ವಿನೆಗರ್ ತುಂಬಿದ ಗಾಜಿನ ಲೋಟದಲ್ಲಿ ಒಂದು ವಾರ ಮುಳುಗಿಸಿಡಿ. ನಡುವೆ ಒಮ್ಮೆ ವಿನೆಗರ್ ಬದಲಿಸಿ. ನಂತರ ತೆಗೆದು ಬಗ್ಗಿಸಿ ನೋಡಿ. ಅದು ರಬ್ಬರಿನಂತೆ ಬಾಗುತ್ತದೆ! ಆಮ್ಲವು ಖನಿಜವನ್ನು ಕರಗಿಸಿದೆ. ಕೊಲಾಜೆನ್ ಎಂಬ ಪ್ರೋಟೀನು ಉಳಿದಿದೆ. ಪಳೆಯುಳಿಕೆಯಲ್ಲಿ ಇದಕ್ಕೆ ವಿರುದ್ಧ: ಪ್ರೋಟೀನು ನಶಿಸುತ್ತದೆ, ಖನಿಜ ಉಳಿಯುತ್ತದೆ.

ಯೋಚಿಸಿ, ಉತ್ತರಿಸಿ

1. ಎಲುಬಿಗಿಂತ ಹಲ್ಲು ಹೆಚ್ಚು ಕಾಲ ಉಳಿಯುವುದೇಕೆ?
2. ಕನ್ನಡಿಯಲ್ಲಿ ನಿಮ್ಮ ದವಡೆ ಹಲ್ಲುಗಳನ್ನು ನೋಡಿ. ಮೇಲಿನ ಪಟ್ಟಿಯಲ್ಲಿ ಯಾವ ಪ್ರಾಣಿಯ ಹಲ್ಲಿಗೆ ಅವು ಹೆಚ್ಚು ಹೋಲುತ್ತವೆ? ನಿಮ್ಮಿಬ್ಬರ ಆಹಾರದಲ್ಲಿ ಏನು ಹೋಲಿಕೆ ಇದೆ?
3. ನಿಮ್ಮ ಊರಿನ ಹಳ್ಳದ ದಂಡೆಯಲ್ಲಿ ಎಷ್ಟು ಬಣ್ಣದ ಮಣ್ಣಿನ ಪದರಗಳಿವೆ? ಹಿರಿಯರ ಜೊತೆ ಹೋಗಿ, ದೂರದಿಂದಲೇ ನೋಡಿ, ಚಿತ್ರ ಬರೆಯಿರಿ.