ಹರ್ನಿಯಾ ಆಪರೇಷನ್: ಕೈಪಳಗಿದ ವೈದ್ಯರೆಂದರೆ ಯಾರು?

ಹರ್ನಿಯಾ ಎಂದು ತಿಳಿದ ಮೇಲೆ ರೋಗಿಯ ಕಡೆಯವರು ನಮ್ಮನ್ನು ಕೇಳುವ ಪ್ರಶ್ನೆಗಳು ಎರಡು. “ಎಷ್ಟು ಖರ್ಚಾಗುತ್ತದೆ ಸಿಸ್ಟರ್?” “ಕೊಯ್ದು ಮಾಡುತ್ತಾರೋ, ದುರ್ಬೀನಿನಿಂದಲೋ?” ಮೂರನೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಟ್ಟುಬಿಡುತ್ತಾರೆ: ಡಾಕ್ಟರು ಈ ಆಪರೇಷನ್ನನ್ನು ಎಷ್ಟು ಸಲ ಮಾಡಿದ್ದಾರೆ?

ಹೊಟ್ಟೆಯ ಗೋಡೆಯ ಸ್ನಾಯು ಒಂದು ಕಡೆ ಸಡಿಲಾಗಿ, ಒಳಗಿನ ಕೊಬ್ಬು ಅಥವಾ ಕರುಳು ಆ ಕಿಂಡಿಯಿಂದ ಹೊರಗೆ ಉಬ್ಬುವುದೇ ಹರ್ನಿಯಾ. ಗಂಡಸರಲ್ಲಿ ಇದು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಾತ್ರೆಯಿಂದ ಕಿಂಡಿ ಮುಚ್ಚುವುದಿಲ್ಲ. ಉಬ್ಬನ್ನು ಒಳಗೆ ಸೇರಿಸಿ, ಸಾಮಾನ್ಯವಾಗಿ ಮೆಶ್ ಎಂಬ ಬಲೆಯನ್ನಿಟ್ಟು ಗೋಡೆಯನ್ನು ಗಟ್ಟಿ ಮಾಡಬೇಕು. ಕೇಳಲು ಸುಲಭ. ಆದರೆ ವೃಷಣದ ರಕ್ತನಾಳ, ವೀರ್ಯನಾಳ, ಮೂರು ಸಣ್ಣ ನರಗಳು ಅದೇ ಜಾಗದಲ್ಲಿ ಹಾದುಹೋಗುತ್ತವೆ. ನರ ಹೊಲಿಗೆಯಲ್ಲಿ ಸಿಕ್ಕರೆ ತಿಂಗಳುಗಟ್ಟಲೆ ನೋವು. ಬಲೆ ಚಿಕ್ಕದಾದರೆ ಅಥವಾ ಸರಿದರೆ ಹರ್ನಿಯಾ ಮರಳಿ ಬರುತ್ತದೆ.

ಅಮೆರಿಕದಲ್ಲಿ ಮಾಜಿ ಸೈನಿಕರ 14 ಆಸ್ಪತ್ರೆಗಳು ಸೇರಿ ಸುಮಾರು 2,000 ಗಂಡಸರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದವು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ಕೊಯ್ದು ಮಾಡಿದವರಲ್ಲಿ ನೂರಕ್ಕೆ 5, ದುರ್ಬೀನಿನಿಂದ ಮಾಡಿದವರಲ್ಲಿ ನೂರಕ್ಕೆ 10. ಆದರೆ ದುರ್ಬೀನಿನ ಆಪರೇಷನ್ನನ್ನು 250ಕ್ಕಿಂತ ಹೆಚ್ಚು ಸಲ ಮಾಡಿದ್ದ ಸರ್ಜನ್‌ಗಳ ಕೈಯಲ್ಲಿ ಆ ಪ್ರಮಾಣವೂ ಸುಮಾರು 5ಕ್ಕೆ ಇಳಿದಿತ್ತು. ಕೊಯ್ದು ಮಾಡುವ ವಿಧಾನದಲ್ಲಿ ಅನುಭವದಿಂದ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ದುರ್ಬೀನಿನ ಕೆಲಸ ಕೈಗೆ ಹತ್ತಲು ಹೆಚ್ಚು ಕಾಲ ಬೇಕು.

ಆದ್ದರಿಂದ “ಸಣ್ಣ ತೂತಿನ ಆಪರೇಷನ್ನೇ ಒಳ್ಳೆಯದಂತೆ” ಎಂಬ ಮಾತು ಕೇಳಿ ಸಾಲ ಮಾಡಿ ದೂರದ ಪಟ್ಟಣಕ್ಕೆ ಓಡುವ ಮುಂಚೆ ಸ್ವಲ್ಪ ಯೋಚಿಸಿ. ಎರಡೂ ಕಡೆ ಹರ್ನಿಯಾ ಇದ್ದವರಿಗೆ, ಹಿಂದೆ ಕೊಯ್ದು ಮಾಡಿದ್ದು ಮರುಕಳಿಸಿದವರಿಗೆ ಅದರಿಂದ ಅನುಕೂಲವಿದೆ, ನಿಜ. ಅದಕ್ಕೂ ಪಳಗಿದ ಕೈಯೇ ಬೇಕು.

ಕೆನಡಾದ ಟೊರೊಂಟೊ ಬಳಿ ಶೌಲ್ಡಿಸ್ ಎಂಬ ಆಸ್ಪತ್ರೆ ಇದೆ. 1945ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲಿ ಹರ್ನಿಯಾ ಬಿಟ್ಟು ಬೇರೆ ಕೆಲಸವಿಲ್ಲ. ಅಲ್ಲಿ ಮಾಡಿಸಿಕೊಂಡವರಲ್ಲಿ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ ಸುಮಾರು ಒಬ್ಬರು. ಅದೇ ಪ್ರಾಂತ್ಯದ ಸಾಮಾನ್ಯ ಆಸ್ಪತ್ರೆಗಳಲ್ಲಿ ಸುಮಾರು ಐವರು. (ಅಲ್ಲಿ ದಪ್ಪಗಿದ್ದವರಿಗೆ ಮೊದಲು ತೂಕ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ; ಅದೂ ಲೆಕ್ಕಕ್ಕೆ ಬರಬೇಕು.)

ನನಗೆ ಇದಕ್ಕಿಂತ ದೊಡ್ಡ ಪಾಠವೆನಿಸಿದ್ದು ಆಫ್ರಿಕಾದ ಸಿಯೆರಾ ಲಿಯೋನ್‌ನದು. ಸರ್ಜನ್‌ಗಳು ತೀರಾ ಕಡಿಮೆ ಇರುವ ಆ ದೇಶದಲ್ಲಿ, ಡಾಕ್ಟರಲ್ಲದ ಆರೋಗ್ಯಾಧಿಕಾರಿಗಳಿಗೆ ಶಸ್ತ್ರಚಿಕಿತ್ಸೆಯ ತರಬೇತಿ ಕೊಟ್ಟು, ಅವರ ಕೆಲಸವನ್ನು ಡಾಕ್ಟರುಗಳ ಕೆಲಸದೊಂದಿಗೆ ಹೋಲಿಸಿದರು. 2021ರ ವರದಿಯಂತೆ ಒಂದು ವರ್ಷದಲ್ಲಿ ಹರ್ನಿಯಾ ಮರುಕಳಿಸಿದ್ದು ಡಾಕ್ಟರುಗಳ ರೋಗಿಗಳಲ್ಲಿ ನೂರಕ್ಕೆ 7, ಆ ಅಧಿಕಾರಿಗಳ ರೋಗಿಗಳಲ್ಲಿ ನೂರಕ್ಕೆ 1. ಹಾಗೆಂದು ಪದವಿ ಬೇಡ, ಯಾರು ಮಾಡಿದರೂ ಆದೀತು ಎಂದು ತಿಳಿಯಬೇಡಿ. ಅವರು ಕ್ರಮಬದ್ಧವಾಗಿ ಕಲಿತವರು. ಹರ್ನಿಯಾಕ್ಕೆ ಬರೀ ಪಟ್ಟಿ ಕಟ್ಟಿ, ಎಣ್ಣೆ ಕೊಟ್ಟು ಹಣ ಕೀಳುವವರಿಗೂ ಅವರಿಗೂ ಹೋಲಿಕೆಯೇ ಇಲ್ಲ.

ಹೆಸರಿನ ಮುಂದಿನ ಅಕ್ಷರಗಳನ್ನು ಎಣಿಸುವ ಬದಲು ಹೀಗೆ ಕೇಳಿ: “ಡಾಕ್ಟರೇ, ಈ ವಿಧಾನವನ್ನು ತಾವು ಎಷ್ಟು ಸಲ ಮಾಡಿದ್ದೀರಿ? ನನಗೆ ಇದೇ ಏಕೆ?” ಕೇಳಿದರೆ ಅಗೌರವವಾಗುವುದಿಲ್ಲ. ಕಲಿಯುತ್ತಿರುವ ವೈದ್ಯರು ಮಾಡುತ್ತಾರೆಂದರೆ ಹಿರಿಯ ಸರ್ಜನ್ ಪಕ್ಕದಲ್ಲೇ ನಿಂತಿರುತ್ತಾರೆಯೇ ಎಂದು ವಿಚಾರಿಸಿ. ನಿಂತಿರುವುದಾದರೆ ಗಾಬರಿ ಬೇಡ. ಇಂದಿನ ಹಿರಿಯರೂ ಹಾಗೆಯೇ ಕಲಿತವರು.

ಒಂದು ಸಂದರ್ಭದಲ್ಲಿ ಮಾತ್ರ ಈ ವಿಚಾರಣೆಗೆ ಸಮಯವಿಲ್ಲ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ಕೆಂಪಾಗಿ, ನೋವು ಹೆಚ್ಚಿ ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿರಬಹುದು. ಆಗ ಒತ್ತಬೇಡಿ, ಊಟ-ನೀರು ಕೊಡಬೇಡಿ. ಆಪರೇಷನ್ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ರಾತ್ರಿಯಾದರೂ ಸರಿ, ತಕ್ಷಣ ಕರೆದೊಯ್ಯಿರಿ.